ತೊಟ್ಟಿಲ ಮದ್ದು

ಕ್ಲೆಮ್ ಟ್ರೆವರೊ ಸತ್ತು ಏಳು ತಿಂಗಳಾದರೂ ಅವನ ಷೆಡ್ಡಿನ ಬೆಂಚಿನ ಮೇಲೆ ಹೆಂಡತಿ ಇನೆಜ್ ಹೊದಿಸಿದ್ದ ಅಡುಗೆಮನೆಯ ಟವೆಲನ್ನು ಯಾರೂ ಎತ್ತಿರಲಿಲ್ಲ. ನೀಲಿ ಗೀಟಿನ ಹಳೆಯ ಟವೆಲು. ಅದರ ಕೆಳಗೆ ಐವತ್ತು ಕುಳಿಗಳ ಮರದ ಹಲಗೆಯಿತ್ತು, ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿದ ಹಿತ್ತಾಳೆಯ ತೋಟೆಗಳಿದ್ದವು. ಎಷ್ಟಕ್ಕೆ ಮದ್ದು ತುಂಬಿದ್ದ, ಎಷ್ಟು ಬಾಕಿ ಉಳಿದವು ಎಂದು ಯಾರಿಗೂ ಗೊತ್ತಿಲ್ಲ. ಪಕ್ಕದಲ್ಲಿ ಮದ್ದು ಅಳೆದು ಬೀಳಿಸುವ ಕಬ್ಬಿಣದ ಯಂತ್ರ ಕೈಹಿಡಿ ಮೇಲೆತ್ತಿಕೊಂಡು ನಿಂತಿತ್ತು, ಯಾರೋ ಈಗ ಬಂದು ಎಳೆಯುತ್ತಾರೆ ಎನ್ನುವ ಹಾಗೆ.

ಏಪ್ರಿಲ್ಲಿನ ಆ ಗುರುವಾರ ಮಧ್ಯಾಹ್ನ ಮೂರಕ್ಕೆ ಎಂದಿನಂತೆ ಬಂದ ಗೆಳೆಯ ರೈನೊ ಹೌತಲನೇ ಅವನನ್ನು ಮೊದಲು ನೋಡಿದ್ದು. ಕ್ಲೆಮ್ ಕುರ್ಚಿಯಲ್ಲಿ ಕೂತೇ ಇದ್ದ. ಕನ್ನಡಕ ಹಣೆಯ ಮೇಲಿತ್ತು, ಎರಡು ಕೈಯೂ ತೊಡೆಯ ಮೇಲಿದ್ದವು. "ಏನೋ, ನಿದ್ದೆನಾ?" ಎಂದು ಬೈಯುತ್ತಲೇ ಹತ್ತಿರ ಹೋದವನು ಆಮೇಲೆ ಬೆಂಚಿನ ಕಡೆ ಕಣ್ಣು ಹಾಯಿಸಲಿಲ್ಲ. ಹೆಣ ಹೊರಗೆ ಹೋದಮೇಲೆ ಮಾತ್ರ ಬಾಗಿಲಲ್ಲಿ ನಿಂತು ಒಂದು ಸಲ ತಿರುಗಿ ನೋಡಿದ್ದ. ಅಷ್ಟರಲ್ಲಿ ಇನೆಜ್ ಟವೆಲು ಹೊದಿಸಿಯಾಗಿತ್ತು. ಆದರೂ ಒಂದು ವಸ್ತು ಇಲ್ಲದಿರುವುದು ಅವನ ಕಣ್ಣಿಗೆ ಬಿತ್ತು. ಬೆಂಚಿನ ಮೇಲೆ ಮದ್ದಿನ ಡಬ್ಬಿ ಇರಲಿಲ್ಲ.

ತೋಟೆ ತುಂಬುವವರಲ್ಲಿ ಇದು ಉಳಿದೆಲ್ಲಕ್ಕಿಂತ ದೊಡ್ಡ ಕಟ್ಟಳೆ. ಯಂತ್ರದೊಳಗೆ ಯಾವ ಮದ್ದು ಇದೆಯೋ ಅದರ ಡಬ್ಬಿ, ಅದೊಂದೇ ಡಬ್ಬಿ, ಕೆಲಸ ಮುಗಿಯುವ ತನಕ ಬೆಂಚಿನ ಮೇಲಿರಬೇಕು. ಮದ್ದುಗಳೆಲ್ಲ ನೋಡಲು ಹೆಚ್ಚುಕಡಿಮೆ ಒಂದೇ ಥರ. ಒಂದರ ಬದಲು ಇನ್ನೊಂದು ಬಿದ್ದರೆ, ಇಲ್ಲವೇ ಒಂದು ಸಲ ಬೀಳಬೇಕಾದ್ದು ಎರಡು ಸಲ ಬಿದ್ದರೆ, ಕೋವಿ ಮುಖದ ಮುಂದೆಯೇ ಸೀಳುತ್ತದೆ. ನಲವತ್ತು ವರ್ಷ ಈ ಕಟ್ಟಳೆ ಮುರಿಯದ ಕ್ಲೆಮ್ ಕೊನೆಯ ದಿನ ಯಾಕೆ ಮುರಿದ? ಈ ಪ್ರಶ್ನೆ ಏಳು ತಿಂಗಳಿನಿಂದ ರೈನೊನ ಮನೆಯಲ್ಲಿ ಬಾಡಿಗೆ ಕೊಡದ ನೆಂಟನ ಹಾಗೆ ಕೂತುಬಿಟ್ಟಿತ್ತು. ತನ್ನ ಗ್ಯಾರೇಜಿನಲ್ಲಿ ಕಾರ್ಬುರೇಟರ್ ಬಿಚ್ಚಿ ಕೂತಾಗ, ಹಗಲು ಹೊತ್ತಿನಲ್ಲೇ, ಬೆನ್ನ ಹಿಂದಿನಿಂದ ಆ ಕೈಹಿಡಿಯ ಸದ್ದು ಕೇಳುತ್ತಿತ್ತು. ಟಕ್ ಎಂದು ಮೇಲೆ, ಟಪ್ ಎಂದು ಕೆಳಗೆ. ತಿರುಗಿದರೆ ಯಾರೂ ಇಲ್ಲ. ಅವನು ಎಣಿಸತೊಡಗಿದ್ದ. ಎಣಿಕೆ ಯಾವಾಗಲೂ ನಡುವೆ ತಪ್ಪುತ್ತಿತ್ತು.

ನವೆಂಬರಿನ ಎರಡನೆಯ ಗುರುವಾರ ಬೆಳಿಗ್ಗೆ ಇನೆಜ್ ಫೋನು ಮಾಡಿದಳು.

"ಶನಿವಾರ ನನ್ನ ತಮ್ಮನ ಮಗ ಟ್ರೇಲರ್ ತರ್ತಾನೆ ರೈನೊ. ಬೆಂಚು, ಒತ್ತೋ ಯಂತ್ರ ಎಲ್ಲಾ ತಗೊಂಡು ಹೋಗ್ತಾನಂತೆ. ಅದಕ್ಕೆ ಮುಂಚೆ ನೀನು ಬಂದು ಆ ಟವೆಲ್ ಎತ್ತಬೇಕು. ನನ್ನ ಕೈಲಾಗಲ್ಲ."

"ಬರ್ತೀನಿ."

"ಏಪ್ರಿಲ್‌ನಿಂದ ಬರ್ತೀನಿ ಅಂತಾನೇ ಇದೀಯ."

ಅದು ನಿಜ. ಅವನು ಬರದೇ ಇದ್ದದ್ದು ದುಃಖದಿಂದ ಮಾತ್ರವಲ್ಲ. ಟವೆಲಿನ ಕೆಳಗೆ ಏನಿದೆ ಎಂದು ನೋಡಿದರೆ ಕೊನೆಯ ವರ್ಷ ತಾನು ಯಾರಿಗೂ ಹೇಳದೆ ನುಂಗಿಕೊಂಡ ಒಂದು ಸಂಗತಿ ಸುಳ್ಳೋ ನಿಜವೋ ತಿಳಿದುಬಿಡುತ್ತದೆ ಎಂಬ ಭಯವೂ ಇತ್ತು.

ಮಿಶಿಗನ್ನಿನ ಉತ್ತರ ತುದಿಯಲ್ಲಿ, ತಾಮ್ರದ ಗಣಿ ಮುಚ್ಚಿದ ಮೇಲೂ ಮುಚ್ಚದೆ ಉಳಿದ ಈ ಸಣ್ಣ ಊರಿನಲ್ಲಿ ಕ್ಲೆಮ್ ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿದ. ಬೆಳಿಗ್ಗೆ ಐದಕ್ಕೆ ಹೋಗಿ ಪ್ರತಿ ಬಸ್ಸಿನ ಬ್ರೇಕು ನೋಡಿ, ಕಾಫಿ ಕುಡಿದು, ಮತ್ತೆ ಅದೇ ಬ್ರೇಕು ನೋಡುವವನು. ಒಂದು ಬೋಲ್ಟು ಸಡಿಲವಾಗಿದೆಯೆಂದು ಮೂವತ್ತು ಮಕ್ಕಳನ್ನು ಹಿಮದಲ್ಲಿ ನಿಲ್ಲಿಸಿ ತಾಯಂದಿರಿಂದ ಬೈಸಿಕೊಂಡಿದ್ದ. ಮಕ್ಕಳಿರಲಿಲ್ಲ. ಇನೆಜ್ ಇದ್ದಳು, ಮಿಲ್ವಾಕಿಯಲ್ಲಿ ತಯಾರಾದ ಐವತ್ತೊಂದನೇ ಇಸವಿಯ ದೊಡ್ಡ ಬೈಕು ಇತ್ತು, ಷೆಡ್ಡು ಇತ್ತು, ಗುರುವಾರ ಇತ್ತು.

ಗುರುವಾರ ಎಂದರೆ ರೈನೊ. ರೈನೊನದು ಇಂಗ್ಲೆಂಡಿನ ಹಳೆಯ ಜೋಡಿ ಸಿಲಿಂಡರಿನ ಗಾಡಿ. ಅದು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ನಿನ್ನ ಗಾಡಿ ನನ್ನ ನೆಲದ ಮೇಲೆ ಮತ್ತೆ ಉಚ್ಚೆ ಹೊಯ್ದಿದೆ ಕಣೋ."

"ಒಳಗೆ ಎಣ್ಣೆ ಇದೆ ಅಂತ ತಾನಾಗೇ ಹೇಳುತ್ತೆ. ನಿನ್ನ ಟ್ರಾಕ್ಟರ್ ಥರ ಒಳಗೊಳಗೇ ಇಟ್ಕೊಂಡು ಸಾಯೋ ಜಾತಿ ಅಲ್ಲ ಅದು."

"ಟ್ರಾಕ್ಟರಾ? ಅದರ ಸದ್ದು ಕೇಳಿದ್ರೆ ಊರೇ ಬಾಗಿಲಿಗೆ ಬರುತ್ತೆ."

"ಬರ್ತಾರೆ, ಯಾರ ಹೊಲ ಉಳ್ತಾ ಇದಾರೆ ಅಂತ ನೋಡೋಕೆ. ಅದರ ಮೇಲೆ ಕೂರೋದಕ್ಕಿಂತ ಹಸು ಮೇಲೆ ಕೂತು ಚರ್ಚಿಗೆ ಹೋಗ್ತೀನಿ. ಅದನ್ನ ಮುಟ್ಟಿದ್ರೆ ಕೈ ತೊಳ್ಕೋಬೇಕು."

"ಮುಟ್ಟಬೇಡಪ್ಪ. ನಿನ್ನ ಕೈ ಕಂಡ್ರೆ ಅದಕ್ಕೂ ಆಗಲ್ಲ."

ನಲವತ್ತು ವರ್ಷ ಇದೇ ಮಾತು. ರೈನೊ ನಿಜವಾಗಿಯೂ ಆ ಗಾಡಿಯನ್ನು ಮುಟ್ಟಿರಲಿಲ್ಲ. ಹಟ ಹಳತಾಗಿ ಹಾಗೇ ಗಟ್ಟಿಯಾಗಿತ್ತು. ತೋಟೆ ತುಂಬುವ ಕೆಲಸ ಅವನಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಅವನು ಖಾಲಿ ಹಿತ್ತಾಳೆಗಳನ್ನು ಉಜ್ಜಿ ಕೊಡುತ್ತಿದ್ದ, ಅವುಗಳ ಬುಡಕ್ಕೆ ಕಿಡಿ ಹೊತ್ತಿಸುವ ಕೇಪು ಕೂರಿಸುತ್ತಿದ್ದ. ಕ್ಲೆಮ್ ಕೈಹಿಡಿ ಎಳೆಯುವಾಗ ಮಾತ್ರ ಇಬ್ಬರ ಬಾಯೂ ಬಂದ್. ರೇಡಿಯೊ ಬಂದ್. ಐವತ್ತಕ್ಕೂ ಮದ್ದು ಬಿದ್ದಮೇಲೆ ಟಾರ್ಚು ಹಿಡಿದು ಒಂದೊಂದರ ಒಳಗೂ ಇಣುಕಿ, ಆಮೇಲೆ "ಹ್ಞೂಂ, ಈಗ ಬೊಗಳು" ಅನ್ನುತ್ತಿದ್ದ.

ಹೊಸದಾಗಿ ಕೋವಿ ಹಿಡಿಯುವವರಿಗೆ, ಭುಜ ಸರಿಯಿಲ್ಲದವರಿಗೆ ಅವನು ಹೆಚ್ಚು ಒದೆಯದ ಮೆತ್ತನೆಯ ತೋಟೆ ಮಾಡಿಕೊಡುತ್ತಿದ್ದ. ಅದಕ್ಕೆ ಚಿಟಿಕೆ ಮದ್ದು ಸಾಕು. ತೋಟೆಯ ಮುಕ್ಕಾಲು ಭಾಗ ಖಾಲಿಯೇ ಇರುತ್ತದೆ. ಹಾಗಾಗಿಯೇ ಅದು ಅಪಾಯದ ಕೆಲಸ. ಎರಡು ಚಿಟಿಕೆ ಬಿದ್ದರೂ ಒಳಗೆ ಆರಾಮಾಗಿ ಹಿಡಿಯುತ್ತದೆ, ಗುಂಡು ಕೂರಿಸಿದ ಮೇಲೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಒಮ್ಮೆ ಸೌನಾ ಎಂಬ ಉಗಿಸ್ನಾನದ ಕೋಣೆಗಳನ್ನು ಕಟ್ಟುವ ವಿಲ್ಹೊ ಎಲ್ಲಿಂದಲೋ ಬೇರೊಂದು ಮದ್ದು ತಂದಿದ್ದ. ಸಣ್ಣ ಸಣ್ಣ ಬಳೆಗಳಂತೆ ನಡುವೆ ತೂತಿರುವ, ಮಂಡಕ್ಕಿಯಷ್ಟು ಹಗುರಾದ ಬೂದು ಮದ್ದು. ಕ್ಲೆಮ್ ಅಂಗೈಯಲ್ಲಿ ಹಾಕಿಕೊಂಡು ಊದಿಬಿಟ್ಟಿದ್ದ. "ತೊಟ್ಟಿಲ ಮದ್ದು ಇದು. ತೊಟ್ಟಿಲಲ್ಲಿರೋರಿಗೆ. ತಗೊಂಡು ಹೋಗಿ ಹಾಲಲ್ಲಿ ನೆನೆಸ್ಕೊಂಡು ತಿನ್ನು." ರೈನೊ ಬಿದ್ದು ಬಿದ್ದು ನಕ್ಕಿದ್ದ. ಆಮೇಲೆ ವರ್ಷಗಟ್ಟಲೆ ಯಾರ ಕೆಲಸ ಹಗುರಾಗಿ ಕಂಡರೂ ಇಬ್ಬರೂ ಅದನ್ನು ತೊಟ್ಟಿಲ ಮದ್ದು ಎಂದೇ ಕರೆದರು.

ಹೋದ ವರ್ಷದ ಬೇಸಿಗೆಯಲ್ಲಿ ಕ್ಲೆಮ್ ರೈನೊನನ್ನು "ಆರ್ನಿ" ಎಂದು ಕರೆದ. ಆರ್ನಿ ಕ್ಲೆಮ್‌ನ ಅಣ್ಣ, ಸತ್ತು ಇಪ್ಪತ್ತು ವರ್ಷವಾಗಿತ್ತು. "ನಾನು ಅಷ್ಟು ಚೆನ್ನಾಗಿದೀನಾ?" ಎಂದು ರೈನೊ ನಗಿಸಿಬಿಟ್ಟ. ಆಗಸ್ಟಿನಲ್ಲಿ ಕ್ಲೆಮ್ ಒಂದೇ ಲೋಟಕ್ಕೆ ಎರಡು ಸಲ ಕಾಫಿ ಸುರಿದ. ಸೆಪ್ಟೆಂಬರಿನಲ್ಲಿ ತನ್ನದೇ ಬೈಕಿನ ಮುಂದೆ ನಿಂತು ಯಾವ ಕಾಲಲ್ಲಿ ಕಿಕ್ ಹೊಡೆಯುವುದೆಂದು ಯೋಚಿಸಿದ. ಅದೇ ಹೊತ್ತಿಗೆ ತಾನೊಬ್ಬನೇ, ರೈನೊ ಬರುವ ಮೊದಲೇ, ಮದ್ದು ತುಂಬಿ ಮುಗಿಸತೊಡಗಿದ, ತೋಟೆಯ ಪೆಟ್ಟಿಗೆಗಳ ಚೀಟಿಯ ಮೇಲೆ ಮದ್ದಿನ ಹೆಸರು ಬರೆಯುವುದನ್ನು ನಿಲ್ಲಿಸಿದ. ಮೊದಲು ಹೆಸರು, ತೂಕ, ತಾರೀಕು, ಯಾರಿಗೆ, ಎಲ್ಲವನ್ನೂ ಮುದ್ದಾದ ಅಕ್ಷರದಲ್ಲಿ ಬರೆಯುತ್ತಿದ್ದವನು ಈಗ "ಬ್ರಿಟಾಗೆ, ಮೆತ್ತಗೆ" ಎಂದಷ್ಟೇ ಬರೆದ.

ರೈನೊಗೆ ಎಲ್ಲ ಕಂಡಿತ್ತು. ಇನೆಜ್‌ಗೆ ಹೇಳಲಿಲ್ಲ, ಕ್ಲೆಮ್‌ಗೂ ಹೇಳಲಿಲ್ಲ. ಹೇಳಿದರೆ ಷೆಡ್ಡಿಗೆ ಬೀಗ ಬೀಳುತ್ತದೆ, ಗುರುವಾರ ಮುಗಿಯುತ್ತದೆ. ಅದಕ್ಕೇ ತಮಾಷೆ ಮಾಡಿ ಮುಚ್ಚಿದ. ಆ ವರ್ಷದ ಮೆತ್ತನೆಯ ತೋಟೆಯ ಪೆಟ್ಟಿಗೆಗಳು ಮೂರು ಮನೆಗೆ ಹೋಗಿದ್ದವು. ಅದರಲ್ಲೊಂದು ಅವನ ಮನೆಯಲ್ಲೇ, ಸೊಸೆ ಬ್ರಿಟಾಳ ಬಳಿ ಇತ್ತು.

ಬರುವ ಭಾನುವಾರ ಮರಳುಗುಂಡಿಯಲ್ಲಿ ಊರಿನವರೆಲ್ಲ ಸೇರಿ ಗುರಿ ಸರಿಮಾಡಿಕೊಳ್ಳುವ ದಿನ. ಅದಾದ ಮೇಲೆ ಜಿಂಕೆ ಬೇಟೆ ಶುರು. ಇನೆಜ್‌ಳ ಫೋನು ಇಟ್ಟು ರೈನೊ ಅಡುಗೆಮನೆಗೆ ಬಂದಾಗ ಬ್ರಿಟಾ ಮೂರು ವರ್ಷದ ಎಲ್ಸಿಗೆ ಕೈಗವಸು ತೊಡಿಸುತ್ತಿದ್ದಳು. ಹೆಬ್ಬೆರಳು ಹೆಬ್ಬೆರಳಿನ ಮನೆಗೆ ಹೋಗದೆ ಹಟ ಮಾಡುತ್ತಿತ್ತು.

"ಫ್ರಿಜ್ ಮೇಲಿನ ಕಪಾಟಲ್ಲಿ ಕ್ಲೆಮ್ ಕೊಟ್ಟ ಪೆಟ್ಟಿಗೆ ಇದೆಯಲ್ಲ, ಅದನ್ನ ಕೊಡು" ಎಂದ.

"ಯಾಕೆ ಮಾವ? ಭಾನುವಾರಕ್ಕೆ ಬೇಕು ನಂಗೆ."

"ಹಳೇದಾಗಿದೆ. ಕೇಪು ನೆನೆದಿರಬಹುದು."

ಬ್ರಿಟಾ ಅವನ ಮುಖ ನೋಡಿದಳು. "ಕೇಪು ನೆನೆಯೋಕೆ ಅದೇನು ಮಳೇಲಿತ್ತಾ? ನಿಜ ಹೇಳಿ."

ಅವನು ನಿಂತುಕೊಂಡೇ ಹೇಳಿದ. ಆರ್ನಿ, ಕಾಫಿ, ಬರೆಯದ ಚೀಟಿ, ಇಲ್ಲದ ಡಬ್ಬಿ. ಅವಳು ಮಗುವಿನ ಇನ್ನೊಂದು ಕೈಯನ್ನು ಹಿಡಿದುಕೊಂಡೇ ಕೇಳಿದಳು.

"ಹೋದ ನವೆಂಬರಲ್ಲೇ ಗೊತ್ತಿತ್ತಾ?"

"ಅನುಮಾನ ಇತ್ತು."

"ಆ ಭಾನುವಾರ ಇಪ್ಪತ್ತು ಹೊಡೆದೆ ನಾನು. ಇವಳು ಟ್ರಕ್ಕಲ್ಲಿ ಕೂತು ಕೈ ಬೀಸ್ತಿದ್ಳು. ನೀವು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದ್ರಿ."

ಪ್ರತಿ ಸಲ ಅವಳು ಕೋವಿ ಭುಜಕ್ಕೆ ಇಟ್ಟಾಗ ತನ್ನ ಉಸಿರು ನಿಂತದ್ದು, ಚಪ್ಪಾಳೆ ತಟ್ಟಿದ್ದು ಗುರಿಗಲ್ಲ ಎನ್ನುವುದು ಅವನಿಗೊಬ್ಬನಿಗೇ ಗೊತ್ತು. ಬ್ರಿಟಾ ಪೆಟ್ಟಿಗೆ ಇಳಿಸಿ ಅವನ ಕೈಗಿಟ್ಟಳು.

"ಉಳಿದ ಎರಡೂ ಇವತ್ತೇ ತರ್ಬೇಕು ನೀವು. ಯಾಕೆ ಅನ್ನೋದನ್ನೂ ಹೇಳ್ಬೇಕು. ಕೇಪು ಗೀಪು ಅನ್ಬೇಡಿ. ಮಧ್ಯಾಹ್ನ ನಾನೂ ಷೆಡ್ಡಿಗೆ ಬರ್ತೀನಿ, ಒಬ್ಬರೇ ಬಿಚ್ಚಬೇಡಿ."

ಟ್ರಕ್ಕನ್ನು ಮಗ ಮರದ ಕೆಲಸಕ್ಕೆ ಒಯ್ದಿದ್ದ. ರೈನೊನ ಬೈಕಿನ ಎಂಜಿನ್ನು ಬಿಚ್ಚಿ ಹರಡಿತ್ತು. ಎರಡು ಬೀದಿ ನಡೆದು ಇನೆಜ್‌ಳ ಮನೆಗೆ ಹೋದರೆ ಅವಳು ಕೀಲಿಕೈ ಹಿಡಿದುಕೊಂಡೇ ಕಾಯುತ್ತಿದ್ದಳು.

"ಅವನ ಗಾಡಿ ತಗೊಂಡು ಹೋಗು. ಹಿಮ ಬೀಳೋ ಮುಂಚೆ ಒಂದ್ಸಲ ಬಿಸಿ ಮಾಡಿ ಇಡಬೇಕು ಅಂತ ಪ್ರತಿ ವರ್ಷ ಬಡ್ಕೊಳ್ತಿದ್ದ."

"ನಾನಾ? ಅದನ್ನಾ?"

"ಕೈ ಆಮೇಲೆ ತೊಳ್ಕೋ."

ಮೂರನೆಯ ಕಿಕ್ಕಿಗೆ ಅದು ಎದ್ದಿತು. ದಪ್ಪ, ನಿಧಾನ, ಎದೆಯೊಳಗೆ ಬಡಿಯುವ ಸದ್ದು. ನಲವತ್ತು ವರ್ಷ ಅದನ್ನು ಎದುರಿನಿಂದ ಕೇಳಿದವನು ಮೊದಲ ಸಲ ಅದರ ಮೇಲೆ ಕೂತು ಕೇಳಿದ. ಸೀಟಿನಲ್ಲಿ ಇನ್ನೊಬ್ಬನ ಕುಂಡೆಯ ತಗ್ಗು ಬಿದ್ದಿತ್ತು. ಬಲಗಡೆಯ ಚರ್ಮದ ಚೀಲದಲ್ಲಿ ಬ್ರಿಟಾಳ ಪೆಟ್ಟಿಗೆ ಇಟ್ಟ. ಎಡಗಡೆಯದರ ಬಕಲ್ಲು ಬಿಗಿಯಾಗಿತ್ತು, ಬಿಟ್ಟುಬಿಟ್ಟ.

ವಿಲ್ಹೊನ ಅಂಗಳ ತಲುಪುವ ಮೊದಲೇ ವಿಲ್ಹೊ ಹೊರಗೆ ಬಂದಿದ್ದ. ಕೈಯಲ್ಲಿ ಮರ ಹೆರೆಯುವ ರಂದ, ಮುಖದಲ್ಲಿ ನಗು. ಆ ನಗು ಎರಡು ಹೆಜ್ಜೆ ಬಂದು ಅಲ್ಲೇ ನಿಂತಿತು.

"ಥೂ ನಿನ್ನ" ಎಂದ ಕೊನೆಗೆ. "ಒಂದು ಗಳಿಗೆ ನಂಗೆ..."

"ಗೊತ್ತು."

"ಆ ಗಾಡಿ ಮೇಲೆ ನೀನು! ಪ್ರಳಯ ಆಯ್ತಾ ಏನು?"

ರೈನೊ ಇಳಿಯಲಿಲ್ಲ. ಇಳಿದರೆ ಕಾಫಿ, ಕಾಫಿಯಾದರೆ ಮಾತು ಜಾರುತ್ತದೆ. "ಹೋದ ವರ್ಷ ಕ್ಲೆಮ್ ಕೊಟ್ಟ ಮೆತ್ತನೆ ತೋಟೆ ವಾಪಸ್ ಬೇಕು ವಿಲ್ಹೊ. ಕೊನೇ ವರ್ಷ ಅವನ ತಲೆ ನೆಟ್ಟಗಿರಲಿಲ್ಲ."

ವಿಲ್ಹೊ ಒಳಗೆ ಹೋಗಿ ಪೆಟ್ಟಿಗೆ ತಂದ. ಕೊಡುವಾಗ ಬಿಡದೆ ಹಿಡಿದುಕೊಂಡ. "ಹನ್ನೆರಡು ಹೊಡೆದೆ ಇದರಲ್ಲಿ. ಹನ್ನೆರಡೂ ಒಂದು ತಟ್ಟೆಯಷ್ಟು ಜಾಗದಲ್ಲಿ ಬಿದ್ವು. ತಲೆ ನೆಟ್ಟಗಿಲ್ಲದೋನ ಕೆಲಸನಾ ಇದು?" "ಬೇರೆ ಯಾರಾದ್ರೂ ಬಂದು ಹೇಳಿದ್ರೆ ಹಲ್ಲು ಉದುರಿಸ್ತಿದ್ದೆ" ಎಂದು ವಿಲ್ಹೊ ಕೈ ಬಿಟ್ಟ.

ಸರೋವರದ ದಂಡೆಯ ಕೊನೆಯ ಮನೆ ಲೆಂಪಿ ಟೀಚರದು. ಎಂಬತ್ತೊಂದು ವರ್ಷದವರು. ಹಕ್ಕಿಗೆ ಇಟ್ಟ ಕಾಳು ಕದಿಯುವ ಅಳಿಲುಗಳ ಮೇಲೆ ಹಗೆ ಸಾಧಿಸಲು ಅವರಿಗೆ ಮೆತ್ತನೆಯ ತೋಟೆ ಬೇಕಿತ್ತು. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಎರಡು ಕಪ್ಪುಗಳಿದ್ದವು, ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಸದ್ದು ಕೇಳಿ ಕಾಫಿಗೆ ಇಟ್ಟೆ" ಎಂದರು ಟೀಚರು. "ಕಪ್ಪು ಇಳಿಸಿದ ಮೇಲೆ ನೆನಪಾಯ್ತು ಅವನು ಇಲ್ಲ ಅಂತ. ಆದ್ರೂ ಇಳಿಸಿದ್ದು ಇಳಿಸಿದೆ. ಕೂತ್ಕೊ."

ಅವನು ಕೂತ. ಕ್ಲೆಮ್‌ನ ಕಪ್ಪಿನಲ್ಲಿ ಕುಡಿದ. ಹೇಳಿದ. ಟೀಚರು ಪೂರ್ತಿ ಕೇಳಿ, ಸಕ್ಕರೆ ಕಲಕುವುದನ್ನು ನಿಲ್ಲಿಸಿದರು.

"ಅವನಿಗೆ ಹೇಳಿದ್ಯಾ, ಬದುಕಿದ್ದಾಗ?"

"ಇಲ್ಲ ಟೀಚರ್."

"ಇನೆಜ್‌ಗೆ?"

"ಇಲ್ಲ."

"ಆಗ ಹೇಳ್ಬೇಕಾದೋರಿಗೆ ಹೇಳ್ಲಿಲ್ಲ. ಈಗ ಊರಿಗೆಲ್ಲ ಹೇಳ್ತಿದೀಯ." ಬೈದಂತಿರಲಿಲ್ಲ, ಕಾಪಿ ಪುಸ್ತಕ ತಿದ್ದಿದ ಹಾಗಿತ್ತು. ಪೆಟ್ಟಿಗೆಯನ್ನು ಕಾಗದದ ಚೀಲದಲ್ಲಿ ಹಾಕಿ, ಮೇಲೆ ಎರಡು ಬಿಸ್ಕತ್ತೂ ಇಟ್ಟು ಕೊಟ್ಟರು.

ವಾಪಸು ಬರುವ ದಾರಿಯುದ್ದಕ್ಕೂ ಕಿಟಕಿಗಳಲ್ಲಿ ಪರದೆಗಳು ಸರಿದವು. ಸದ್ದು ಕೇಳಿ ಊರೇ ಬಾಗಿಲಿಗೆ ಬರುತ್ತದೆ ಎಂದು ಕ್ಲೆಮ್ ಹೇಳುತ್ತಿದ್ದದ್ದು ಸುಳ್ಳಾಗಿರಲಿಲ್ಲ. ಪೆಟ್ರೋಲ್ ಬಂಕಿನ ಹತ್ತಿರ ಒಬ್ಬ ಮುದುಕ ಟೋಪಿ ಕೂಡ ತೆಗೆದ. ರೈನೊ ಕತ್ತು ಬಗ್ಗಿಸಿಕೊಂಡು ಓಡಿಸಿದ. ಬೆನ್ನ ಹಿಂದೆ ಯಾರೋ ಕೂತಿದ್ದಾರೆ, ಗೇರು ಹಾಕುವಾಗಲೆಲ್ಲ ನಗುತ್ತಿದ್ದಾರೆ ಎನ್ನಿಸುತ್ತಿತ್ತು. ಕನ್ನಡಿಯಲ್ಲಿ ನೋಡಲಿಲ್ಲ.

ಷೆಡ್ಡಿನಲ್ಲಿ ಬ್ರಿಟಾ ಆಗಲೇ ಸ್ಟೋವು ಹಚ್ಚಿದ್ದಳು. ಎಲ್ಸಿಯನ್ನು ಒಳಗೆ ಇನೆಜ್‌ಳ ಬಳಿ ಬಿಟ್ಟಿದ್ದಳು. ಪಾಸ್ಟಿ ಎಂಬ ಮಾಂಸದ ಕಡುಬಿಗೆ ಹಿಟ್ಟು ಲಟ್ಟಿಸುವ ಸದ್ದು, ಮಗುವಿನ ಅಪ್ಪಣೆಗಳು ಗೋಡೆಯಾಚೆಯಿಂದ ಕೇಳುತ್ತಿದ್ದವು. ಟವೆಲಿನ ಪಕ್ಕ ಜಾಗ ಮಾಡಿಕೊಂಡು ರೈನೊ ಪೆಟ್ಟಿಗೆಗಳನ್ನಿಟ್ಟ. ಟವೆಲನ್ನು ಮುಟ್ಟಲಿಲ್ಲ.

ತೋಟೆ ಬಿಚ್ಚುವುದಕ್ಕೆ ಸುತ್ತಿಗೆಯಂಥ ಒಂದು ಸಾಧನವಿದೆ. ತೋಟೆಯನ್ನು ಅದರ ತಲೆಯಲ್ಲಿ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ಸಡಿಲವಾಗಿ ಮದ್ದಿನ ಸಮೇತ ಆ ಸಾಧನದ ಟೊಳ್ಳಿನೊಳಗೆ ಬೀಳುತ್ತದೆ. ಬ್ರಿಟಾ ಬಡಿದಳು. ರೈನೊ ಬಿಳಿಯ ತಟ್ಟೆಗೆ ಸುರಿದ.

ಚಿಟಿಕೆಯಷ್ಟು ಕಪ್ಪು ಚೂರು ಬೀಳಬೇಕಿತ್ತು. ಗುಪ್ಪೆಯಾಗಿ ಬಿದ್ದದ್ದು ಬೂದು ಬಣ್ಣದ ಸಣ್ಣ ಸಣ್ಣ ಬಳೆಗಳು.

"ಬೇರೆ ಮದ್ದು" ಎಂದ ರೈನೊ. "ತಪ್ಪು ಮದ್ದು ಹಾಕಿದಾನೆ. ನಾನು ಅಂದ್ಕೊಂಡ ಹಾಗೇ ಆಗಿದೆ."

"ಇನ್ನೊಂದು ನೋಡೋಣ."

ಎರಡನೆಯದೂ ಅದೇ. ಹತ್ತನೆಯದೂ ಅದೇ. ವಿಲ್ಹೊನದು, ಟೀಚರದು, ಎಲ್ಲದರಲ್ಲೂ ಬಳೆ. ಬ್ರಿಟಾ ಒಂದೊಂದನ್ನೂ ತಕ್ಕಡಿಗೆ ಹಾಕಿದಳು. ತಕ್ಕಡಿಯ ಮುಳ್ಳು ಪ್ರತಿ ಸಲವೂ ಒಂದೇ ಗೆರೆಗೆ ಬಂದು ನಿಂತಿತು.

"ತಪ್ಪಿ ಹಾಕೋರು ಇಷ್ಟು ಸಮ ಹಾಕ್ತಾರಾ ಮಾವ? ಯಾವ ಮದ್ದು ಇದು?"

"ತೊಟ್ಟಿಲ ಮದ್ದು ಅಂತಿದ್ವಿ."

"ಯಾಕೆ?"

"ಗೊತ್ತಿಲ್ಲ. ಅವನು ಅಂದ, ನಾನು ನಕ್ಕೆ. ಯಾಕೆ ಅಂತ ಕೇಳ್ಲಿಲ್ಲ."

ಬ್ರಿಟಾ ಬೆರಳ ತುದಿಯಿಂದ ಗುಪ್ಪೆಯನ್ನು ಕೆದಕಿದಳು. "ಎಲ್ಸಿ ಹುಟ್ಟಿದಾಗ ಮೂರು ತಿಂಗಳು ನಿದ್ದೆ ಇರಲಿಲ್ಲ ನಂಗೆ. ಹಾಲಿನ ಪುಡಿ ಚಮಚ ಎಣಿಸೋವಾಗ ಎರಡಾಯ್ತಾ ಮೂರಾಯ್ತಾ ಮರೆತೇ ಹೋಗೋದು. ಒಂದಿನ ಭಯ ಆಗ್ಬಿಡ್ತು. ಆಮೇಲೆ ಎಣಿಸೋದೇ ಬಿಟ್ಟೆ. ನಾಲ್ಕೇ ಚಮಚ ಹಿಡಿಸೋ ಒಂದು ಪುಟ್ಟ ಬಟ್ಟಲು ಹುಡುಕಿ ಇಟ್ಕೊಂಡೆ. ಐದನೇದು ಹಾಕಿದ್ರೆ ಚೆಲ್ಲುತ್ತೆ. ತಲೆ ಮರೆತ್ರೂ ಬಟ್ಟಲು ಮರೆಯಲ್ವಲ್ಲ."

ಅವಳು ಒಂದು ಖಾಲಿ ಹಿತ್ತಾಳೆಯನ್ನು ತಟ್ಟೆಯಲ್ಲಿ ನಿಲ್ಲಿಸಿದಳು. ಒಂದು ತೋಟೆಯ ಮದ್ದನ್ನು ಅದಕ್ಕೆ ಸುರಿದಳು. ಹಗುರಾದ ಬಳೆಗಳು ಕುತ್ತಿಗೆಯ ಹತ್ತಿರದ ತನಕ ತುಂಬಿಕೊಂಡವು. ಇನ್ನೊಂದು ತೋಟೆಯದನ್ನೂ ಅದರ ಮೇಲೆಯೇ ಸುರಿದಳು. ಮದ್ದು ಬಾಯಿ ಮೀರಿ ಉಕ್ಕಿ ತಟ್ಟೆಯ ತುಂಬ ಹರಡಿತು, ಎರಡು ಬಳೆ ಉರುಳಿಕೊಂಡು ಹೋಗಿ ಟವೆಲಿನ ಅಂಚಿಗೆ ನಿಂತವು.

ಇಬ್ಬರೂ ಅದನ್ನೇ ನೋಡಿದರು.

"ಅವನಿಗೆ ಗೊತ್ತಿತ್ತು" ಎಂದ ರೈನೊ.

ಆರ್ನಿ ಎಂದು ಕರೆದ ದಿನ ರೈನೊ ನಗಿಸಿದ್ದಕ್ಕೆ ಕ್ಲೆಮ್ ನಕ್ಕಿದ್ದ. ಆ ನಗುವಿನ ಹಿಂದೆಯೇ ಎಲ್ಲೋ ಒಂದು ಅಂಗಡಿಗೆ ಹೋಗಿ, ತಾನೇ ಊದಿ ಹಾರಿಸಿದ್ದ ಮದ್ದನ್ನು ಕೇಳಿ ತಂದಿದ್ದಾನೆ. ಬ್ರೇಕನ್ನು ಎರಡು ಸಲ ನೋಡುವವನು ತನ್ನ ತಲೆಯ ಬ್ರೇಕು ಹೋಗುತ್ತಿರುವುದನ್ನೂ ನೋಡಿಕೊಂಡಿದ್ದಾನೆ. ಚೀಟಿಯ ಮೇಲೆ ಹೆಸರು ಬರೆಯದೆ ಬಿಟ್ಟದ್ದು ಮರೆವಿನಿಂದಲ್ಲ. ಪ್ರತಿ ಗುರುವಾರ ಮೂರಕ್ಕೆ ಬಂದು ಚೀಟಿ ಓದುವವನು ಒಬ್ಬನಿದ್ದ.

ಹಾಗಾದರೆ ಡಬ್ಬಿ? ಮೂರು ಗಂಟೆಗೆ ಆ ಒಬ್ಬನು ಬರುತ್ತಾನೆಂದು ಡಬ್ಬಿಯನ್ನು ಬೆಂಚಿನಿಂದ ಎತ್ತಿಟ್ಟಿದ್ದಾನೆ. ಅವನು ಎಂದೂ ಕೈ ಹಾಕದ ಜಾಗದಲ್ಲಿ.

ರೈನೊ ಅಂಗಳಕ್ಕೆ ಹೋದ. ಬೈಕು ಇನ್ನೂ ಬಿಸಿಯಿತ್ತು. ತಣ್ಣಗಾಗುವ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಎಡಗಡೆಯ ಚೀಲದ ಬಕಲ್ಲನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಬಿಚ್ಚಿದ. ಮಡಚಿದ ಮಳೆಯಂಗಿಯ ಕೆಳಗೆ ಡಬ್ಬಿ ಇತ್ತು, ಅರ್ಧ ಖಾಲಿಯಾಗಿತ್ತು. ಬೆಳಗಿನಿಂದ ಅದು ಅವನ ಎಡಗಾಲಿಗೆ ಒರಗಿಕೊಂಡೇ ಊರೆಲ್ಲ ಸುತ್ತಿತ್ತು. ವಿಲ್ಹೊನ ಅಂಗಳದಲ್ಲಿ "ತಲೆ ನೆಟ್ಟಗಿರಲಿಲ್ಲ" ಎಂದಾಗಲೂ ಅಲ್ಲೇ ಇತ್ತು.

ಡಬ್ಬಿಯನ್ನು ತಂದು ಬೆಂಚಿನ ಮೇಲೆ, ಅದು ಇರಬೇಕಾದ ಜಾಗದಲ್ಲಿ ಇಟ್ಟ. ಅಷ್ಟರಲ್ಲಿ ಇನೆಜ್ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದಳು. ಡಬ್ಬಿ ನೋಡಿದಳು, ರೈನೊನ ಮುಖ ನೋಡಿದಳು.

"ಕೊನೆಗೂ ಸಿಕ್ತಾ" ಎಂದಳು. "ಪ್ರತಿ ಗುರುವಾರ ಎರಡೂಮುಕ್ಕಾಲಿಗೆ ಏನನ್ನೋ ಅಂಗಿ ಒಳಗೆ ಇಟ್ಕೊಂಡು ಗಾಡಿ ಹತ್ರ ಓಡೋನು. ಬಾಟಲಿ ಅಂದ್ಕೊಂಡಿದ್ದೆ ನಾನು. ಈ ವಯಸ್ಸಲ್ಲಿ ಕುಡಿದ್ರೆ ಕುಡೀಲಿ ಅಂತ ಸುಮ್ಮನಿದ್ದೆ."

"ಮದ್ದು ಇನೆಜ್. ನಾನು ನಗ್ತೀನಿ ಅಂತ ಬಚ್ಚಿಟ್ಟಿದ್ದ."

"ನಗ್ತಿದ್ಯಾ?"

ಸುಳ್ಳು ಹೇಳುವುದು ಸುಲಭವಿತ್ತು. "ನಗ್ತಿದ್ದೆ" ಎಂದ ರೈನೊ. ಡಬ್ಬಿಯನ್ನು ನೋಡಿದ ಗಳಿಗೆಯಲ್ಲೇ ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು: ಏನೋ, ತೊಟ್ಟಿಲಿಗೆ ಇಳಿದುಬಿಟ್ಯಾ? ಅದನ್ನು ಈಗಲೂ ನುಂಗಬೇಕಾಗಿತ್ತು. ಸತ್ತವನ ಮುಂದೆ ಕೂಡ ಅದು ತಾನಾಗಿ ಬಂದಿತ್ತು. ಕ್ಲೆಮ್ ಹೆದರಿದ್ದರಲ್ಲಿ ತಪ್ಪಿರಲಿಲ್ಲ.

ಇನೆಜ್ ಮುಂದೆ ಬಂದು ಟವೆಲಿನ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ರೈನೊ ಹಿಡಿದ. ಕೂಸಿನ ಮೇಲಿನ ಹೊದಿಕೆ ತೆಗೆಯುವಂತೆ ಇಬ್ಬರೂ ಮೆಲ್ಲಗೆ ಎತ್ತಿದರು.

ಬ್ರಿಟಾ ಟಾರ್ಚು ಹಿಡಿದು ಬಾಗಿ ಎಣಿಸಿದಳು. ಮೊದಲ ಸಾಲು ತುಂಬಿತ್ತು, ಎರಡನೆಯದು ತುಂಬಿತ್ತು, ಮೂರನೆಯದು ತುಂಬಿತ್ತು, ಎಲ್ಲವೂ ಒಂದೇ ಎತ್ತರಕ್ಕೆ. ನಾಲ್ಕನೆಯ ಸಾಲಿನ ಮೊದಲನೆಯದರ ಹತ್ತಿರ ಟಾರ್ಚು ನಿಂತಿತು.

ಮೂವತ್ತೊಂದನೆಯ ತೋಟೆಯ ಬಾಯಿ ಕಾಣುತ್ತಿರಲಿಲ್ಲ. ಬೂದು ಬಳೆಗಳು ಅದರ ಮೇಲೆ ಗೋಪುರದಂತೆ ಉಕ್ಕಿ, ಹಲಗೆಯ ಮೇಲೆಲ್ಲ ಚೆಲ್ಲಿ, ಪಕ್ಕದ ಖಾಲಿ ಕೊಳವೆಗಳ ಸುತ್ತ ಧೂಳು ಹಿಡಿದು ಬಿದ್ದಿದ್ದವು. ಆಮೇಲಿನ ಹತ್ತೊಂಬತ್ತೂ ಖಾಲಿ.

ಕ್ಲೆಮ್ ಅದೇ ತೋಟೆಗೆ ಕೈಹಿಡಿಯನ್ನು ಎರಡನೆಯ ಸಲ ಎಳೆದಿದ್ದ. ಚೆಲ್ಲಿದ್ದನ್ನು ನೋಡಿದ್ದ. ಕನ್ನಡಕವನ್ನು ಹಣೆಗೇರಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಏನನ್ನು ಯೋಚಿಸುತ್ತಿದ್ದನೋ, ಮೂರು ಗಂಟೆಗೆ ಬರುವವನಿಗೆ ಇವತ್ತು ಹೇಳಿಬಿಡಬೇಕು ಎಂದುಕೊಂಡನೋ ಇಲ್ಲವೋ. ಡಬ್ಬಿಯನ್ನು ಮಾತ್ರ ಮುಂಚೆಯೇ ಬಚ್ಚಿಟ್ಟಾಗಿತ್ತು.

ಇನೆಜ್ ಚೆಲ್ಲಿದ ಬಳೆಗಳಲ್ಲಿ ಒಂದನ್ನು ಬೆರಳಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದಳು. ಗೋಡೆಯಾಚೆ ಎಲ್ಸಿ ಲಟ್ಟಣಿಗೆಯಿಂದ ಮೇಜಿಗೆ ಬಡಿಯುತ್ತಿದ್ದಳು. ಟಕ್, ಟಪ್. ಟಕ್, ಟಪ್.

ಕಿಟಕಿಯ ಹೊರಗೆ ಮೊದಲ ಹಿಮ ಒಂದೊಂದೇ ಚೂರಾಗಿ ಇಳಿಯತೊಡಗಿತ್ತು.

"ಗಾಡಿಗೆ ಹೊದಿಕೆ ಹಾಕ್ಬಿಡ್ಲಾ?" ಎಂದು ಕೇಳಿದಳು ಇನೆಜ್. "ನೆನೆಯುತ್ತೆ."

ರೈನೊ ಕೈಗವಸು ಹುಡುಕುತ್ತಿದ್ದ. "ಈಗಲೇ ಬೇಡ" ಎಂದ. "ಆ ಎರಡು ಮನೆಗೂ ಮತ್ತೆ ಹೋಗ್ಬೇಕು."

"ಏನು ಹೇಳ್ತೀಯ?"

ಅವನು ಬೆಂಚಿನ ಮೇಲಿನ ಡಬ್ಬಿಯನ್ನು ಎತ್ತಿ ಅಂಗಿಯ ಒಳಗೆ, ಎದೆಗೆ ಒತ್ತಿಕೊಂಡು ಗುಂಡಿ ಹಾಕಿದ. "ಇದನ್ನ ತೋರಿಸ್ತೀನಿ. ವಿಲ್ಹೊ ನಗ್ತಾನೆ. ನಗ್ಲಿ."

ಬ್ರಿಟಾ ಹಿಂದಿನಿಂದ ಬಂದು ತನ್ನ ಉಣ್ಣೆಯ ಶಾಲನ್ನು ಅವನ ಕತ್ತಿಗೆ ಎರಡು ಸುತ್ತು ಸುತ್ತಿದಳು. ಒಂದು ಸುತ್ತು ಸಾಕು ಎಂದ. ಅವಳು ಕೇಳಲಿಲ್ಲ.

ಮೊದಲ ಕಿಕ್ಕಿಗೇ ಗಾಡಿ ಎದ್ದಿತು. ಬೀದಿಯ ಕೊನೆಯ ತನಕ ಕಿಟಕಿಗಳ ಪರದೆಗಳು ಮತ್ತೆ ಸರಿದವು.